ಗಬ್ಬದ ಹಸುವಿಗೆ ನಾಲ್ಕು ಬಾಟ್ಲಿ

ಮುನಿಯಲ್ಲಮ್ಮನಿಗೆ ಹೊಟ್ಟೆಕಿಚ್ಚು ಎಂದು ಬಾಗಲೂರಿನಲ್ಲಿ ಅರ್ಧ ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಅವರ ಬಾಯಿ ಅವರದು. ಇಪ್ಪತ್ತೆಂಟು ವರ್ಷ ಈ ಕೊಟ್ಟಿಗೆಯ ಸಗಣಿ ಬಾಚಿದವಳು ನಾನು. ಮೂರು ವರ್ಷದ ಹಿಂದೆ ನಮ್ಮ ಮೈದುನನ ಕೈ ಹಿಡಿದು ನಾಗಸಂದ್ರದಿಂದ ಬಂದ ಶಿಲ್ಪ, ಮೆಟ್ರೊ ಸ್ಟೇಷನ್ ಪಕ್ಕದ ಮನೆಯಲ್ಲಿ ಪಾಕೀಟು ಹಾಲು ಕುಡಿದು ಬೆಳೆದವಳು, ನನಗಿಂತ ಹೆಚ್ಚು ಹಾಲು ಕರೆದರೆ ಯಾರಿಗೆ ತಾನೆ ಉರಿಯುವುದಿಲ್ಲ?

ನಮ್ಮ ಮನೆ ಎರಡು ಪಾಲಾಗಿದೆ. ಅಂಗಳ ಮಾತ್ರ ಒಂದೇ, ಕೊಟ್ಟಿಗೆಯೂ ಒಂದೇ, ನಡುವೆ ಸೊಂಟದೆತ್ತರದ ಇಟ್ಟಿಗೆ ಗೋಡೆ. ಈ ಕಡೆ ನನ್ನ ಚುಕ್ಕಿ, ಆ ಕಡೆ ಅವಳ ಹಸು. ಅದಕ್ಕೊಂದು ಹೆಸರೂ ಇಟ್ಟಿಲ್ಲ ಮಹಾತಾಯಿ. ಕಿವಿಗೆ ಹೊಡೆದ ಹಳದಿ ಬಿಲ್ಲೆಯ ಕೊನೆಯ ಎರಡಂಕಿ ನೋಡಿ ‘ಫಾರ್ಟಿಸೆವೆನ್’ ಎಂದು ಕರೆಯುತ್ತಾಳೆ. ನನ್ನ ಚುಕ್ಕಿಯ ಕಥೆ ಬೇರೆ. ಹುಟ್ಟಿದ ವಾರಕ್ಕೇ ತಾಯಿ ಸತ್ತಾಗ ನಾನೇ ಬೆರಳು ಚೀಪಿಸಿ ಹಾಲು ಕುಡಿಸಿ ಸಾಕಿದ್ದು. ಇಬ್ಬರು ಹೆಣ್ಣುಮಕ್ಕಳೂ ಗಂಡನ ಮನೆ ಸೇರಿದ ಮೇಲೆ, ನನ್ನ ದನಿ ಕೇಳಿದರೆ ಕತ್ತು ತಿರುಗಿಸಿ ನೋಡುವ ಜೀವ ಈ ಮನೆಯಲ್ಲಿ ಅದೊಂದೇ.

ದಿನಾ ಬೆಳಗ್ಗೆ ಆರಕ್ಕೆ ಡೈರಿಯಲ್ಲಿ ಕ್ಯೂ ನಿಲ್ಲಬೇಕು. ಅಲ್ಲಿ ಹಾಲು ಅಳೆಯುವ ಸತೀಶ, ಮೆಷೀನು ತೋರಿಸಿದ್ದನ್ನು ಊರಿಗೆಲ್ಲ ಕೇಳುವ ಹಾಗೆ ಓದುತ್ತಾನೆ. “ಮುನಿಯಲ್ಲಮ್ಮ, ಆರು ಲೀಟ್ರು, ಫ್ಯಾಟು ಮೂರೂವರೆ. ಶಿಲ್ಪಕ್ಕ, ಹನ್ನೊಂದು ಲೀಟ್ರು, ನಾಲ್ಕು ಪಾಯಿಂಟ್ ಒಂದು.” ಅವಳು ಅಕ್ಕ, ನಾನು ಬರೀ ಮುನಿಯಲ್ಲಮ್ಮ. ಹೆಂಗಸರೆಲ್ಲ ಅವಳನ್ನು ಸುತ್ತಿಕೊಂಡು ಅದೇನು ಹಾಕ್ತೀಯಮ್ಮ, ಎಷ್ಟು ಹಾಕ್ತೀಯಮ್ಮ ಎಂದು ಕೇಳುತ್ತಿದ್ದರು. ನಾನು ಖಾಲಿ ಕ್ಯಾನು ಎತ್ತಿಕೊಂಡು ಮುಂದೆ ನಡೆಯುತ್ತಿದ್ದೆ, ಕಿವಿ ಮಾತ್ರ ಹಿಂದೆ ಬಿಟ್ಟು.

ಚುಕ್ಕಿ ಏಳು ತಿಂಗಳ ಗಬ್ಬವಾದಾಗ ಹಾಲು ಬತ್ತಿಸಿದೆ. ಇನ್ನು ಕರು ಹಾಕುವವರೆಗೆ ಡೈರಿಯ ಕಡೆ ಕೆಲಸವಿಲ್ಲ. ಕೈಗೆ ಕೆಲಸ ಕಡಿಮೆಯಾದಾಗ ಕಣ್ಣಿಗೆ ಹೆಚ್ಚಾಗುತ್ತದೆ. ಗೋಡೆಯಾಚೆ ನೋಡುತ್ತ ಕುಳಿತೆ. ಶಿಲ್ಪ ಅಡುಗೆಮನೆಯ ತಕ್ಕಡಿಯಲ್ಲಿ ಮಿನರಲ್ ಪುಡಿ ತೂಗಿ ಫೀಡಿಗೆ ಬೆರೆಸುತ್ತಿದ್ದಳು. ಆಮೇಲೆ ನೀಲಿ ಬಾಟ್ಲಿಯಿಂದ ಕ್ಯಾಲ್ಸಿಯಂ ಎನ್ನುವ ಬಿಳಿ ದ್ರವವನ್ನು ಮುಚ್ಚಳದಲ್ಲಿ ಅಳೆದು ಹಾಕುತ್ತಿದ್ದಳು. ಹಾಕಿದ್ದನ್ನು ಫೋನಿನಲ್ಲಿ ಬರೆದಿಡುತ್ತಿದ್ದಳು. ನಮ್ಮತ್ತೆ ಮುನಿಶಾಮಮ್ಮ ಜಗುಲಿಯಿಂದಲೇ ಶುರು ಮಾಡಿದರು.

“ನೋಡೇ ಯಲ್ಲಮ್ಮ, ಬಂಗಾರ ತೂಗ್ದಂಗೆ ತೂಗ್ತಾಳೆ. ನಿಂದು ಬರೀ ಕೈಯಂದಾಜು.”

ಅದೇ ಕೈಯಂದಾಜಿನ ಹಾಲು ಕುಡಿದೇ ನಿಮ್ಮ ಮೊಮ್ಮಕ್ಕಳು ಬೆಳೆದದ್ದು ಎನ್ನಬೇಕೆನ್ನಿಸಿತು. ಕರು ಹಾಕಲು ಇನ್ನು ಮೂರು ವಾರವಿದ್ದಾಗ, ಇದ್ದಬದ್ದ ಮಾನವನ್ನೆಲ್ಲ ಬದಿಗಿಟ್ಟು ಗೋಡೆಯ ಹತ್ತಿರ ಹೋದೆ.

“ಆ ಬಾಟ್ಲಿ ಎಲ್ ಸಿಗುತ್ತೆ ಶಿಲ್ಪ? ಚುಕ್ಕಿಗೂ ಒಸಿ ಆಕೋಣ ಅಂತ.”

“ಈಗ ಬೇಡಕ್ಕ. ಕರು ಹಾಕೋವರ್ಗೂ ಕ್ಯಾಲ್ಸಿಯಂ ಕೊಡ್ಬಾರ್ದು. ಗಬ್ಬದ ಹಸುಗೆ ಬೇರೆ ಪುಡಿ ಬರತ್ತೆ, ನಾನೇ ತಂದ್ಕೊಡ್ತೀನಿ.”

“ಯಾಕೆ ಕೊಡ್ಬಾರ್ದು?”

“ಡೈರಿ ಟ್ರೈನಿಂಗಲ್ಲಿ ಡಾಕ್ಟ್ರು ಹೇಳಿದ್ರು ಅಕ್ಕ. ಈಗ ಕೊಟ್ರೆ ಆಮೇಲೆ ತೊಂದ್ರೆ ಆಗತ್ತಂತೆ.”

ನನಗೆ ಕಿವಿಯ ಮೇಲೆ ಹೂವಿಡಲು ಬಂದಿದ್ದಳು. ನನ್ನ ದೊಡ್ಡ ಮಗಳು ಬಸುರಿಯಾಗಿದ್ದಾಗ ಯಲಹಂಕದ ಆಸ್ಪತ್ರೆಯಲ್ಲಿ ಕೈತುಂಬ ಕೊಟ್ಟದ್ದೇ ಕ್ಯಾಲ್ಸಿಯಂ ಮಾತ್ರೆ. ಬಸುರಿ ಹೆಂಗಸಿಗೆ ಬೇಕು, ಗಬ್ಬದ ಹಸುವಿಗೆ ಬೇಡವಂತೆ. ತನ್ನದು ಹನ್ನೊಂದು ಲೀಟರಾಗಬೇಕು, ನನ್ನದು ಆರಕ್ಕೇ ನಿಲ್ಲಬೇಕು, ಅಷ್ಟೇ ತಾನೆ. ಬಾಯಲ್ಲಿ ಬಸಪ್ಪ, ಹೊಟ್ಟೆಯಲ್ಲಿ ವಿಷಪ್ಪ.

ಮಾರನೆಯ ದಿನ ಮಗಳ ಮನೆಗೆಂದು ಹೇಳಿ ಯಲಹಂಕದ ಬಸ್ಸು ಹತ್ತಿದೆ. ಅಂಗಡಿಯವನು ಕರು ಹಾಕಿ ಎಷ್ಟು ದಿನವಾಯಿತೆಂದು ಕೇಳಿದ. ಹದಿನೈದು ದಿನ ಎಂದೆ. ನಾಲ್ಕು ಬಾಟ್ಲಿ ತಂದು ರಾಗಿ ಹುಲ್ಲಿನ ಮೆದೆಯೊಳಗೆ ಬಚ್ಚಿಟ್ಟೆ. ಅವಳು ಬೆಳಗ್ಗೆ ಒಂದು ಹೊತ್ತು ಕೊಡುತ್ತಿದ್ದರೆ ನಾನು ಬೆಳಗ್ಗೆ, ಸಂಜೆ ಎರಡು ಹೊತ್ತು. ಖಾಲಿಯಾದ ಬಾಟ್ಲಿಯೂ ಮೆದೆಗೇ ಹೋಗುತ್ತಿತ್ತು. ಶಿಲ್ಪ ಹೇಳಿದ ಹಾಗೆ ಆ ಬೇರೆ ಪುಡಿ ತಂದುಕೊಟ್ಟಳು. ಪೊಟ್ಟಣ ಬಿಚ್ಚದೆಯೇ ತಿಪ್ಪೆಗೆ ಎಸೆದೆ.

ಚುಕ್ಕಿಯ ಮೈ ಮಿರಮಿರ ಮಿನುಗತೊಡಗಿತು. ಕೆಚ್ಚಲು ತುಂಬಿಕೊಂಡಿತು. ಗುರುವಾರ ಮಧ್ಯಾಹ್ನ ಹೆಣ್ಣುಗರು ಹಾಕಿತು. ಸಂಜೆ ಕರೆಯಲು ಕುಳಿತರೆ ಹಳದಿ ಗಿಣ್ಣು ಹಾಲು ಪಾತ್ರೆ ತುಂಬಿ ಉಕ್ಕಿತು. ಕೊನೆಯ ಹನಿಯವರೆಗೂ ಹಿಂಡಿದೆ. ಶಿಲ್ಪಳ ಮನೆಗೂ ಕೊಟ್ಟೆ, ಬೇಕೆಂದೇ ದೊಡ್ಡ ಪಾತ್ರೆಯಲ್ಲಿ. ಎಷ್ಟು ಬಂತೆಂದು ಅವಳೂ ನೋಡಲಿ. ಅವಳು ನಗುತ್ತ “ಸೂಪರ್ ಅಕ್ಕ” ಎಂದಳು. ಆ ನಗುವೂ ನಾಟಕ ಎಂದುಕೊಂಡು ಸುಖವಾಗಿ ಮಲಗಿದೆ.

ಬೆಳಗ್ಗೆ ಹೋಗಿ ನೋಡಿದರೆ ಚುಕ್ಕಿ ಏಳುತ್ತಿಲ್ಲ. ಕತ್ತನ್ನು ಪಕ್ಕೆಗೆ ಮಡಚಿಕೊಂಡು ಬಿದ್ದಿದೆ. ಮೂಗು ಒಣಗಿದೆ, ಕಿವಿ ಮುಟ್ಟಿದರೆ ಐಸು. “ಚುಕ್ಕಿ, ಏಳೇ” ಎಂದೆ. ತಿರುಗಿ ನೋಡಲಿಲ್ಲ. ಕಿರುಚಿಕೊಂಡೆ. ಕರೆದದ್ದು ಗಂಡನನ್ನಲ್ಲ, ದೇವರನ್ನೂ ಅಲ್ಲ. ಶಿಲ್ಪ ಎಂದು ಕಿರುಚಿದ್ದೆ.

ಅವಳು ಗೋಡೆ ಹಾರಿ ಬಂದಳು. ಕಿವಿ ಮುಟ್ಟಿ ನೋಡಿ, ಆಗಲೇ ಡಾಕ್ಟರಿಗೆ ಫೋನು ಹಚ್ಚಿದಳು. “ಮಿಲ್ಕ್ ಫೀವರ್ ಥರ ಇದೆ ಸರ್. ನಿನ್ನೆ ಕರು ಹಾಕಿದ್ದು. ಬೇಗ ಬನ್ನಿ.” ಆಮೇಲೆ ನಮ್ಮ ಯಜಮಾನರ ಕಡೆ ತಿರುಗಿ, “ಭಾವ, ಒಂದ್ ಮಗ್ಗುಲಿಗೆ ಉರುಳ್ಕೊಂಡ್ರೆ ಕಷ್ಟ. ಒತ್ತು ಕೊಡೋಕೆ ಹುಲ್ಲು ತನ್ನಿ” ಎಂದಳು. ನಮ್ಮ ಯಜಮಾನರು ಬ್ಯಾಟರಾಯಪ್ಪ ಮೆದೆಯ ಕಡೆ ಓಡಿದರು. ನನಗೆ ಅವರನ್ನು ತಡೆಯುವ ಬುದ್ಧಿಯೂ ಇರಲಿಲ್ಲ.

ಡಾಕ್ಟರ್ ನಂದಕುಮಾರ್ ಅರ್ಧ ಗಂಟೆಯಲ್ಲಿ ಬೈಕಿನಲ್ಲಿ ಬಂದರು. ಕತ್ತಿನ ನರಕ್ಕೆ ಸೂಜಿ ಚುಚ್ಚಿ ಔಷಧಿ ಬಿಟ್ಟರು. ಬಾಟ್ಲಿ ಎತ್ತಿ ಹಿಡಿದು ನಿಂತವಳು ಶಿಲ್ಪ. ಜೋರಾಗಿ ಬಿಟ್ಟರೆ ಎದೆ ನಿಂತುಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರಿಂದ ಹನಿಹನಿಯಾಗಿ ಇಳಿಯುತ್ತಿತ್ತು. ನಾನು ಚುಕ್ಕಿಯ ತಲೆ ತೊಡೆಯ ಮೇಲಿಟ್ಟುಕೊಂಡಿದ್ದೆ.

“ಗಬ್ಬದಲ್ಲಿ ಕ್ಯಾಲ್ಸಿಯಂ ಏನಾದ್ರೂ ಕೊಟ್ರಾ?” ಎಂದು ಡಾಕ್ಟರು ಕೇಳಿದರು. “ಮೂಳೇಲಿ ಬೇಕಾದಷ್ಟು ಇರತ್ತೆ. ಆಗ ಮೇಲಿಂದ ಸುರಿದ್ರೆ, ಮೂಳೆಯಿಂದ ತಕ್ಕೊಳ್ಳೋ ಅಭ್ಯಾಸ ಮೈಗೆ ತಪ್ಪೋಗತ್ತೆ. ಕರು ಹಾಕಿದ ದಿನ ಹಾಲಿಗೆ ಒಂದೇ ಸಲ ಬೇಕಾದಾಗ ರಕ್ತದಲ್ಲಿ ಏನೂ ಉಳಿಯಲ್ಲ. ಹಿಂಗೆ ಬಿದ್ದೋಗತ್ತೆ.”

ನಮ್ಮ ಯಜಮಾನರು ಹುಲ್ಲು ತೆಗೆಯುವಾಗ ಸಿಕ್ಕಿದ್ದನ್ನು ಡಾಕ್ಟರ ಮುಂದೆ ಇಟ್ಟರು. ನಾಲ್ಕು ಖಾಲಿ ನೀಲಿ ಬಾಟ್ಲಿ. “ಮೆದೇಲಿತ್ತು. ಯಾರ್ದಿದು?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ತಲೆ ಎತ್ತದೆ ಚುಕ್ಕಿಯ ಹಣೆ ಸವರುತ್ತಲೇ ಇದ್ದೆ. ಶಿಲ್ಪ ಬಾಟ್ಲಿಗಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

“ನಂದೇ ಭಾವ. ನಮ್ ಹಸುಗೆ ಹಾಕೋವಾಗ ಚುಕ್ಕಿಗೂ ಹಾಕ್ಬಿಡ್ತಿದ್ದೆ.”

ಡಾಕ್ಟರು ಅವಳನ್ನು ತರಾಟೆಗೆ ತೆಗೆದುಕೊಂಡರು. ಮೂರು ದಿನ ಟ್ರೈನಿಂಗಿಗೆ ಬಂದು ನೀನೇ ಹಿಂಗ್ ಮಾಡಿದ್ರೆ ಹೆಂಗಮ್ಮ, ಕಲ್ತಿದ್ದೇನು ಮಣ್ಣು ಎಂದರು. ಸುಳ್ಳು ಯಾಕೆ ಹೇಳಲಿ, ನನ್ನ ಹಸು ಸಾಯುತ್ತ ಬಿದ್ದಿದ್ದರೂ ಆ ಬೈಗುಳ ಕಿವಿಗೆ ಹಾಲು ಸಕ್ಕರೆಯಾಗಿ ಇಳಿಯಿತು. ಈ ಮನೆಗೆ ಬಂದ ಮೇಲೆ ಅವಳು ಮೊದಲ ಬಾರಿಗೆ ತಲೆ ತಗ್ಗಿಸಿ ನಿಂತಿದ್ದಳು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

ಅಷ್ಟರಲ್ಲಿ ಅತ್ತೆ ಬಾಯಿ ಹಾಕಿದರು. “ಬೈಬ್ಯಾಡಿ ಸಾಮಿ. ಇವ್ಳು ಒಳ್ಳೇದಾಗ್ಲಿ ಅಂತ ತಾನೆ ಆಕಿದ್ದು. ವಾರಗಿತ್ತಿ ಅಸೂನೂ ತನ್ದೇ ಅಂತ ನೋಡ್ಕೊಳೋರು ಈ ಕಾಲ್ದಾಗೆ ಯಾರವ್ರೆ?”

ನಮ್ಮ ಯಜಮಾನರು ಹೌದೆಂದು ತಲೆಯಾಡಿಸಿದರು. ಡಾಕ್ಟರೂ ಮೆತ್ತಗಾದರು. “ಸರಿ ಬಿಡಮ್ಮ, ಮನಸ್ಸೇನೋ ಒಳ್ಳೇದು” ಎಂದರು.

ಮೈಯೆಲ್ಲ ಹೊತ್ತಿಕೊಂಡಿತು. ತಪ್ಪು ಮಾಡಿದವಳು ನಾನು, ಅದರ ಹೊಗಳಿಕೆಯೂ ಅವಳಿಗೇ. ಹಾಲು ಅವಳದು ಜಾಸ್ತಿ, ಫ್ಯಾಟು ಅವಳದು ಜಾಸ್ತಿ, ಈಗ ಒಳ್ಳೆಯತನವೂ. ಇಷ್ಟೊಂದು ಅವಳಿಗೆ ಬಿಟ್ಟುಕೊಡಲು ನನ್ನಿಂದಾಗಲಿಲ್ಲ.

“ಅವಳಲ್ಲ” ಎಂದೆ. “ನಾಲ್ಕೂ ಬಾಟ್ಲಿ ನಾನೇ ಕುಡ್ಸಿದ್ದು. ಕೊಡಬ್ಯಾಡ ಅಂತ ಅವಳು ಬಾಯ್ಬಿಟ್ಟು ಏಳಿದ್ಲು. ಅವಳ ಅಸೂಗಿಂತ ನಂದು ಜಾಸ್ತಿ ಕೊಡಬೇಕು ಅಂತ ಕೊಟ್ಟೆ. ಒಟ್ಟೆಕಿಚ್ಚಿಗೆ ಕೊಟ್ಟೆ.”

ಯಜಮಾನರು ಬಾಟ್ಲಿಗಳನ್ನು ಎತ್ತಿಕೊಂಡು ಹೊರಗೆ ಹೋದರು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಗ ಚುಕ್ಕಿಯ ಮೈ ಒಮ್ಮೆ ನಡುಗಿತು. ದೊಡ್ಡದಾಗಿ ತೇಗಿತು, ಸಗಣಿ ಹಾಕಿತು. ಹಿಂಗಾಲು ಊರಿ, ಮುಗ್ಗರಿಸಿ, ಮತ್ತೆ ಊರಿ ಎದ್ದು ನಿಂತಿತು. ನಾನು ಅದರ ಕತ್ತು ಹಿಡಿದು ಗೊಳೋ ಎಂದು ಅತ್ತುಬಿಟ್ಟೆ.

ಎರಡು ದಿನ ಕೆಚ್ಚಲು ಖಾಲಿಯಾಗುವಂತೆ ಕರೆಯಬೇಡಿ, ಕರುವಿಗೆ ಆಗುವಷ್ಟೇ ಸಾಕು ಎಂದು ಡಾಕ್ಟರು ಹೇಳಿ ಹೋದರು. ಸಂಜೆ ಕರೆಯಲು ಕುಳಿತೆ. ಬಿಗಿದ ಕೆಚ್ಚಲು, ಮುಟ್ಟಿದರೆ ಧಾರೆ. ಹನ್ನೊಂದೇನು, ಹದಿಮೂರು ಲೀಟರೂ ಬರುತ್ತಿತ್ತೇನೋ. ಗೋಡೆಯಾಚೆ ಶಿಲ್ಪ ತನ್ನ ಹಸುವಿಗೆ ಪುಡಿ ತೂಗುತ್ತಿದ್ದಳು. ನನ್ನ ಕಡೆ ನೋಡಲಿಲ್ಲ.

“ಶಿಲ್ಪ, ಇಷ್ಟು ಸಾಕಾ?” ಎಂದು ಕೇಳಿದೆ. ಕರೆಯುವಾಗ ಇನ್ನೊಬ್ಬರನ್ನು ಕೇಳಿದ್ದು ಅದೇ ಮೊದಲು.

ಅವಳು ಎದ್ದು ಬಂದು ಪಾತ್ರೆಯೊಳಗೆ ಬಗ್ಗಿ ನೋಡಿದಳು. “ಸಾಕಕ್ಕ.”

ಹೊಟ್ಟೆ ಉರಿಯಿತು. ಕೆಚ್ಚಲಿನಿಂದ ಕೈ ತೆಗೆದೆ.