ಮೊದಲ ಕೊಡ

ಇದನ್ನು ಹೇಳುವಷ್ಟು ತಿಳಿದವನು ನಾನಲ್ಲ. ಆದರೂ ಹೇಳುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ರಾಣೆಬೆನ್ನೂರಿನಲ್ಲಿ ಪಾದ್ರಿಗಳು ನಡೆಸುವ ಗಂಡುಮಕ್ಕಳ ಹೈಸ್ಕೂಲಿನಲ್ಲಿ ಕೊಟ್ರೇಶ ಮಾಸ್ತರರು ಕನ್ನಡ ಕಲಿಸುತ್ತಿದ್ದರು. ಪ್ರತಿ ವರ್ಷ ಶಾಲೆ ಹುಟ್ಟಿದ ದಿನದಂದು ಅಲ್ಲೊಂದು ಪದ್ಧತಿ. ಪ್ರಾರ್ಥನೆ ಮುಗಿದ ಮೇಲೆ ಹತ್ತನೆಯ ತರಗತಿಯ ಹುಡುಗರು ಅಂಗಳದ ಬಾವಿಯಿಂದ ನೀರು ಹೊತ್ತು ತಂದು ಅಡಿಗಲ್ಲಿನ ಮೇಲೆ ಸುರಿಯುತ್ತಾರೆ. ಮೊದಲ ಕೊಡ ಮಾತ್ರ ಬಾವಿ ತೋಡಿದವನ ಮನೆಯವರದು. ಇಪ್ಪತ್ತು ವರ್ಷಗಳಿಂದ ಅದನ್ನು ಹೊರುತ್ತಿದ್ದವರು ಮೋಟೆಬೆನ್ನೂರಿನ ಕರಬಸಪ್ಪನವರು.

ಅದಕ್ಕೆ ಕಾರಣ ಮಾಸ್ತರರೇ. ಸುವರ್ಣ ಮಹೋತ್ಸವದ ಪುಸ್ತಕಕ್ಕೆ ಶಾಲೆಯ ಚರಿತ್ರೆ ಬರೆಯುವಾಗ ಬಾವಿ ತೋಡಿದವನ ಹೆಸರು ಎಲ್ಲೂ ಸಿಗಲಿಲ್ಲ. ಹಾವೇರಿಯ ಪ್ರೆಸ್ಸಿನವನು ಪುಟ ತಡೆದು ಕೂತಿದ್ದ. ಶಾಲೆಗೆ ಜಾಗ ಕೊಟ್ಟವರ ಹೆಸರೇ ಅಲ್ಲಿಗೂ ಇರಲಿ ಎಂದು ಮಾಸ್ತರರು ಕರಬಸಪ್ಪನವರ ತಂದೆಯ ಹೆಸರು ಬರೆದುಬಿಟ್ಟರು. ಆಗಿನ ಫಾದರ್ ಅದನ್ನು ಓದಿ, ಆ ಮನೆಯವರನ್ನು ಗೌರವದಿಂದ ಕರೆಸಿ ಮೊದಲ ಕೊಡ ಹೊರಿಸುವ ರೂಢಿ ಹಾಕಿದರು.

ಈ ವರ್ಷ, ಆ ದಿನಕ್ಕೆ ಇನ್ನು ಎಂಟು ದಿನವಿರುವಾಗ, ಬ್ಯಾಡಗಿಯಿಂದ ಮಕ್ತುಮಬಿ ಎಂಬ ಮುದುಕಿ ಬಂದಳು. ಬಾವಿ ತೋಡಿದ್ದು ತನ್ನಪ್ಪ; ಬಂಡೆಗೆ ಇಟ್ಟ ಮದ್ದು ಸಿಡಿದು ಅವನ ಎರಡು ಬೆರಳು ಹೋಗಿದ್ದವು ಎಂದಳು. ಬಾವಿ ತೋಡಿಸಿದ ಫಾದರ್ ಅಪ್ಪನ ಹೆಸರು ಹಾಕಿ ಬರೆದುಕೊಟ್ಟ ಚೀಟಿಯನ್ನೂ ತೋರಿಸಿದಳು.

"ಪುಸ್ತಕ ಬದಲ್ ಮಾಡ್ರಿ ಅನ್ನಂಗಿಲ್ರಿ, ಮಾಸ್ತರ. ಒಂದ್ ಸಲ ಆ ಕೊಡ ನಾ ಹೊರತೇನಿ, ಅಷ್ಟ."

ಮರುದಿನ ಮಾಸ್ತರರು ಮೋಟೆಬೆನ್ನೂರಿಗೆ ಹೋಗಿ ಕರಬಸಪ್ಪನವರಿಗೆ ಎಲ್ಲ ಹೇಳಿದರು. ಅವರು ಎಲೆ ಅಡಿಕೆಯ ತಟ್ಟೆ ಮುಂದೆ ಸರಿಸಿ ನಕ್ಕರು.

"ನಮ್ಮಪ್ಪ ಗುದ್ದಲಿ ಹಿಡದಾಂವಲ್ಲ ಅಂತ ನನಗ ಗೊತ್ತಿಲ್ಲೇನು? ಈಗ ಖರೇ ಹೇಳಿದ್ರ ಮೊಮ್ಮಕ್ಕಳ ಮುಂದ ನನ್ನ ಮಾರಿ ಏನಾಗಬೇಕು? ಮಂದಿ ನಿಮ್ಮನ್ನರ ಬಿಡತಾರೇನು? ಸುಮ್ಮ ಚಾ ಕುಡೀರಿ."

ಈಗಿನ ಫಾದರ್‌ಗೆ ಹೇಳಬೇಕೆಂದು ಮಾಸ್ತರರು ಮೂರು ಸಲ ಆಫೀಸಿನ ಬಾಗಿಲವರೆಗೆ ಹೋದರು, ಮೂರು ಸಲವೂ ಹಾಜರಿಗೆ ಸಹಿ ಮಾಡಿ ತಿರುಗಿ ಬಂದರು. ನಿವೃತ್ತಿಗೆ ಮೂರು ತಿಂಗಳಿತ್ತು. ಸುಳ್ಳು ಬರೆದ ಮಾಸ್ತರ ಎನ್ನಿಸಿಕೊಂಡು ಹೊರಡಬೇಕೇ?

ಆ ದಿನ ಮೊದಲ ಕೊಡದವರ ಹೆಸರು ಕರೆಯಲು ಮಾಸ್ತರರು ಮೈಕಿನ ಮುಂದೆ ನಿಂತಾಗ ಹಿಂದಿನ ಸಾಲಿನಲ್ಲಿ ಮಕ್ತುಮಬಿ ಕಂಡಳು. ಮಡಿಲಲ್ಲಿ, ತಾನೇ ತಿಕ್ಕಿ ಮನೆಯಿಂದ ತಂದ ತಾಮ್ರದ ಕೊಡ. "ಬಾವಿ ತೋಡಿದ ಮನೆತನದವರು..." ಎಂದು ಮಾಸ್ತರರು ತಡೆದು ನಿಂತರು. ಕರಬಸಪ್ಪನವರು ಆಗಲೇ ಎದ್ದು ನಿಂತಿದ್ದರು. ಹುಡುಗರು ಚಪ್ಪಾಳೆ ಶುರು ಮಾಡಿದರು. ಮಾಸ್ತರರ ಬಾಯಿಂದ ಇಪ್ಪತ್ತು ವರ್ಷದಿಂದ ಕರೆಯುತ್ತ ಬಂದ ಹೆಸರೇ ಬಂತು.

ಚಪ್ಪಾಳೆ ನಿಂತಾಗ ಮುದುಕಿಯ ಕುರ್ಚಿ ಖಾಲಿಯಿತ್ತು. ಹೆಸರು ಕೇಳಿದ ಮೇಲೆ ಎದ್ದು ಹೋದಳೋ, ಮಾಸ್ತರರು ತಡೆದು ನಿಂತಾಗಲೇ ಹೋದಳೋ, ಅವರಿಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ.