ಕರೆಂಟಿಗೆ ಅರಿವು ಬಂದದ್ದು

ಮದ್ದೂರಿನಾಚೆಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಅನಲಾಗ್ ಚಿಪ್ ವಿನ್ಯಾಸ ಕಲಿಸುವ ರಘುನಂದನ್ ಮೇಷ್ಟ್ರ ಮೇಲೆ ಪಕ್ಕದ ಕೊಪ್ಪದಿಂದ ಬರುವ ವಿದ್ಯಾರ್ಥಿನಿ ಮಂಜುಶ್ರೀಗೆ ಎಳ್ಳಷ್ಟೂ ಗೌರವ ಉಳಿದಿರಲಿಲ್ಲ. ಉಳಿಯುವುದಾದರೂ ಹೇಗೆ? ಪಾಠವೆಂದರೆ ಹಳೇ ಸ್ಲೈಡು ಓದುವುದು, ಓದಿ ಬೇಸರವಾದರೆ ಹಳ್ಳಿ ಮಕ್ಕಳ ಮಾತನ್ನು ಆಡಿಕೊಳ್ಳುವುದು. ಇಷ್ಟಕ್ಕೇ ಮಹಾಶಯರಿಗೆ ಸಂಬಳ.

ಈ ವರ್ಷ ವಿದ್ಯಾರ್ಥಿಗಳು ವಿನ್ಯಾಸ ಮಾಡಿದ ಚಿಪ್ಪೊಂದು ನಿಜವಾಗಿಯೂ ತಯಾರಾಗಿ ಬರುವುದಿತ್ತು. ಆ ತಂಡ ಸೇರಲೇಬೇಕೆಂದು ಮಂಜುಶ್ರೀ ಹಟ ಹಿಡಿದಿದ್ದಳು. ಆಯ್ಕೆಯ ದಿನ ಮೇಷ್ಟ್ರು, ಕರೆಂಟ್ ಮಿರರ್ ಅಂದರೇನು ಎಂದು ಕೇಳಿದರು.

"ಈ ಕಡೆ ಎಷ್ಟು ಕರೆಂಟು ಅರೀತದೋ ಆ ಕಡೇನೂ ಅಷ್ಟೇ ಅರೀತದೆ ಸಾ." ಉತ್ತರ ಸರಿಯಾಗಿಯೇ ಇತ್ತು.

"ಅರೀತದಾ? ಕರೆಂಟಿಗೂ ಅರಿವು ಬಂತೇನಮ್ಮ!" ಮೇಷ್ಟ್ರು ಹೊಟ್ಟೆ ಹಿಡಿದು ನಕ್ಕರು. "ಹರಿಯುತ್ತದೆ. ಹ! ಮೊದಲು 'ಹ' ಕಲಿತುಕೊಂಡು ಬಾ, ಆಮೇಲೆ ಚಿಪ್ಪು."

ತಂಡಕ್ಕೆ ಬೇರೆಯವರನ್ನು ಆರಿಸಿದರು. ಥೂ, ಇದೂ ಒಂದು ಪರೀಕ್ಷೆಯೇ!

ಮುಂದಿನ ವಾರ ಆ ಚಿಪ್ಪು ಮಾಡಿಸಿಕೊಡುವ ಕಂಪನಿಯಿಂದ ಸಿದ್ದರಾಮು ಎಂಬ ಹಿರಿಯ ಎಂಜಿನಿಯರು ಲ್ಯಾಬಿಗೆ ಬಂದರು. ಮೇಷ್ಟ್ರು ಬಗ್ಗಿಸಿದ ಬೆನ್ನು ಎತ್ತಲೇ ಇಲ್ಲ. ಬೋರ್ಡಿನ ಮೇಲೆ ಅದೇ ಸರ್ಕ್ಯೂಟು ಇತ್ತು.

"ಇದ್ರಲ್ಲಿ ಕರೆಂಟು ಎತ್ಲಾಗೆ ಅರೀತದೆ ಮೇಷ್ಟ್ರೇ?" ಎಂದರು ಸಿದ್ದರಾಮು. "ನಾನು ನಿಡಘಟ್ಟದವ್ನು, ನಮ್ಮೂರ್ ಭಾಸೇಲೇ ಮಾತಾಡಿ."

"ಇತ್ಲಾಗೆ ಅರೀತದೆ ಸಾರ್," ಮೇಷ್ಟ್ರು ಹಲ್ಲು ಕಿರಿದರು. "ಆ ಕಡೇನೂ ಅಷ್ಟೇ ಅರೀತದೆ."

ಅಬ್ಬಬ್ಬಾ, ಎಂಥಾ ನಾಚಿಕೆಗೆಟ್ಟ ನಾಲಿಗೆ! ಹಿಂದಿನ ಬೆಂಚಿನ ಕೆಂಪರಾಜು ಪಕ್ಕದವನಿಗೆ, "ಮಿರರ್ರು ಸರ್ಯಾಗ್ ಕೆಲ್ಸ ಮಾಡ್ತಾ ಅದೆ ಕಣ್ಲಾ," ಎಂದ. ಕ್ಲಾಸೆಲ್ಲ ಕಿಸಕ್ಕೆಂದಿತು.

ಮಂಜುಶ್ರೀ ಎದ್ದು ನಿಂತಳು. ಇಂಟರ್ನಲ್ಸ್ ಮಾರ್ಕ್ಸು ಮೇಷ್ಟ್ರ ಕೈಯಲ್ಲೇ ಇತ್ತು. ಆದರೂ ಹೊಟ್ಟೆಯೊಳಗಿನ ಉರಿ ಸುಮ್ಮನಿರಗೊಡಲಿಲ್ಲ.

"ಹರಿಯುತ್ತದೆ, ಸಾರ್. ಹ!" ಎಂದಳು ಮೇಷ್ಟ್ರನ್ನೇ ನೋಡುತ್ತ.

ಸಿದ್ದರಾಮು ತಿರುಗಿ ನೋಡಿದರು. "ಬಲೇ ಜೋರಾಗಿದ್ದೀಯಲ್ಲವ್ವ. ಚಿಪ್ಪಿನ ತಂಡದೋಳಾ?"

"ಇಲ್ಲ ಸಾ. ಅರೀತದೆ ಅಂದೆ ಅಂತ ಇವ್ರು ನನ್ನ ಕೈ ಬುಟ್ರು."

"ಅಂಗಾದ್ರೆ ನನ್ನೂ ಕೈ ಬುಡ್ಬೇಕಾಯ್ತದಲ್ಲ ಮೇಷ್ಟ್ರೇ," ಎಂದರು ಸಿದ್ದರಾಮು. ಮುಖದಲ್ಲಿ ನಗು ಇರಲಿಲ್ಲ.

"ಅಯ್ಯೋ, ಎಲ್ಲಾದ್ರೂ ಉಂಟಾ ಸಾರ್!" ಮೇಷ್ಟ್ರು ಕರ್ಚೀಫಿನಿಂದ ಕತ್ತು ಒರೆಸಿಕೊಂಡರು. "ತಂಡಕ್ಕೆ ಇವತ್ತಿಂದ್ಲೇ ಬತ್ತಾಳೆ ಸಾರ್, ಬತ್ತಾಳೆ."

ಈ ಸಲ ಮಂಜುಶ್ರೀ ತಿದ್ದಲು ಹೋಗಲಿಲ್ಲ. ತಿದ್ದಿ ಉದ್ಧಾರವಾಗುವ ಪ್ರಾಣಿ ಅದಲ್ಲ ಎಂದುಕೊಂಡು ಕೂತಳು.