ಮುರಿಗೆಪ್ಪನ ಎಡಗಿವಿ

ನಾನು ಒಂದು ಶ್ರವಣಯಂತ್ರ. ಮನೆಮಂದಿ ಕರೆಯುವುದು ಕಿವಿ ಮಷೀನು ಎಂದು. ಯಾವುದೋ ಕಾರ್ಖಾನೆಯ ಬಿಳಿ ದೀಪದ ಕೆಳಗೆ ಹುಟ್ಟಿದೆ. ಗಾತ್ರ ಗೋಡಂಬಿಯಷ್ಟು, ಮೂಗಿಲ್ಲದಿದ್ದರೂ ಕೋಪ ಮೂಗಿನ ತುದಿಯಲ್ಲೇ. ಎಲ್ಲವನ್ನೂ ಕೇಳಿಸಿಕೊಂಡು ಒಂದು ಮಾತೂ ಆಡಬಾರದು ಎಂದರೆ ಯಾರಿಗೆ ಸಿಟ್ಟು ಬಾರದು?

ದಾವಣಗೆರೆಯ ಅಂಗಡಿಯೊಂದರಿಂದ ನಾನು ಮುರಿಗೆಪ್ಪನ ಎಡಗಿವಿ ಸೇರಿದೆ. ಬಲಗಿವಿ ಪೂರ್ತಿ ಹೋಗಿತ್ತು. ಬಟ್ಟೆ ಮಿಲ್ಲಿನ ಮೂವತ್ತು ವರ್ಷದ ಸದ್ದು ಅವನ ಕಿವಿಯನ್ನು ತಿಂದಿತ್ತು, ಹತ್ತಿಯ ದೂಳು ಎದೆಯನ್ನು. ಅವನ ಹೆಂಡತಿ ಗಂಟಲಲ್ಲಿ ಉಸಿರಾಟದ ಕೊಳವೆ ಇಟ್ಟುಕೊಂಡೇ ಹನ್ನೊಂದು ದಿನ ಮಲಗಿ ಸತ್ತಿದ್ದಳು. ಅದನ್ನು ಕಂಡವನು ಮಿಲ್ಲಿನ ಇಬ್ಬರು ಹಳೇ ಗೆಳೆಯರನ್ನು ಸಾಕ್ಷಿಗೆ ಕರೆದುಕೊಂಡು ನೋಟರಿಯ ಬಳಿ ಕಾಗದ ಮಾಡಿಸಿದ. ಗುಣವಾಗುವ ಭರವಸೆ ಇಲ್ಲದಾಗ ಯಂತ್ರದ ಉಸಿರು ಬೇಡ, ತಾನು ಮಾತಾಡಲಾರದಿದ್ದರೆ ತನ್ನ ಪರವಾಗಿ ಮಗಳು ಪಾರ್ವತಿ ಹೇಳಲಿ ಎಂದು ಅದರಲ್ಲಿತ್ತು. ಮಗ ಕೊಟ್ರೇಶ ಅಂದಿನಿಂದ ಮುಖ ಊದಿಸಿಕೊಂಡ. "ಗಂಡುಮಗ ಇದ್ದೂ ಮಗಳ ಹೆಸ್ರಾ?" ಎಂದು ಅವನು ಗೊಣಗಿದ್ದು ಮುರಿಗೆಪ್ಪನಿಗೂ ಕೇಳಿಸಿತು. ಕೇಳಿಸಿದ್ದು ನಾನೇ.

ಒಂದು ಮಧ್ಯಾಹ್ನ ಮುರಿಗೆಪ್ಪನಿಗೆ ಉಸಿರು ಕಟ್ಟತೊಡಗಿತು. ಐಸಿಯು ಬಾಗಿಲಲ್ಲಿ ನರ್ಸ್ ಅವನ ಉಂಗುರ, ಹಲ್ಲಿನ ಸೆಟ್ಟು ಮತ್ತು ನನ್ನನ್ನು ತೆಗೆದು, ಪ್ಲಾಸ್ಟಿಕ್ ಕವರಿಗೆ ಹಾಕಿ ಕೊಟ್ರೇಶನಿಗೆ ಕೊಟ್ಟಳು. ಅವನು ಅಂಗಿ ಜೇಬಿಗೆ ತುರುಕಿಕೊಂಡ. ಅವನ ಎದೆ ಹೊಡೆದುಕೊಳ್ಳುವುದು ನನಗೆ ಕೇಳುತ್ತಿತ್ತು.

ಡಾಕ್ಟರಮ್ಮ ಹೊರಬಂದರು. "ಎಷ್ಟು ಕೂಗಿದ್ರೂ ಉತ್ತರ ಇಲ್ಲ, ಪ್ರಜ್ಞೆ ಹೋಗ್ತಿದೆ ಅನ್ಸುತ್ತೆ. ಗಂಟಲಿಗೆ ಪೈಪು ಹಾಕ್ಬೇಕು. ಬೇಗ ಹೇಳಿ."

ಪಾರ್ವತಿ ಕಾಗದ ಚಾಚಿದಳು.

"ನಿಂಗೆ ಅಪ್ಪ ಸಾಕಾದ್ನೇನಕ್ಕ?" ಎಂದ ಕೊಟ್ರೇಶ. ಅವಳು ಚಾಚಿದ ಕಾಗದವನ್ನು ಹಿಂದಕ್ಕೆಳೆದುಕೊಂಡಳು.

ಅಯ್ಯೋ ಮಂಕುಗಳಾ, ಅವನಿಗೆ ಪ್ರಜ್ಞೆ ತಪ್ಪಿಲ್ಲ, ಕಿವಿ ಕೇಳುತ್ತಿಲ್ಲ! ಬದುಕಿರುವ ಅಪ್ಪನನ್ನು ಬಿಟ್ಟು ಕಾಗದಕ್ಕೆ ಜಗಳವಾಡುತ್ತೀರಲ್ಲ! ಪುಣ್ಯಕ್ಕೆ ನರ್ಸ್ ನನ್ನನ್ನು ಆಫ್ ಮಾಡಿರಲಿಲ್ಲ. ಇಕ್ಕಟ್ಟಿನಲ್ಲಿ ಅದುಮಿದರೆ ನಮ್ಮ ಜಾತಿಯವರು ಶಿಳ್ಳೆ ಹಾಕುತ್ತೇವೆ. ಕೊಟ್ರೇಶ ಜೇಬಿನ ಮೇಲೆ ಕೈ ಒತ್ತಿಕೊಂಡಾಗ ಇದ್ದಬದ್ದ ಶಕ್ತಿಯನ್ನೆಲ್ಲ ಸೇರಿಸಿ ಶಿಳ್ಳೆ ಹಾಕಿದೆ.

ಪಾರ್ವತಿ ಬೆಚ್ಚಿದಳು. "ಕೊಟ್ರೇಶಿ, ಮಷೀನು ನಿನ್ ಜೇಬಿನಾಗೈತಲ್ಲೋ!"

ಡಾಕ್ಟರಮ್ಮ ಇಬ್ಬರನ್ನೂ ಒಳಗೆ ಕರೆದೊಯ್ದು, ತಾವೇ ನನ್ನನ್ನು ಮುರಿಗೆಪ್ಪನ ಕಿವಿಗಿಟ್ಟರು. "ಅಜ್ಜಾರೇ, ಈ ಸಲ ಎದೆಗೆ ಸೋಂಕು ಆಗಿದೆ. ಪೈಪು ಹಾಕಿದ್ರೆ ಗುಣ ಆಗ್ಬಹುದು, ಆಗದೇನೂ ಇರ್ಬಹುದು." ಒಂದಕ್ಷರ ಬಿಡದೆ ದಾಟಿಸಿದೆ. ಮುರಿಗೆಪ್ಪ ಕಣ್ಣು ಬಿಟ್ಟ.

"ಐದ್ ದಿನ ಹಾಕ್ರಿ," ಎಂದ ಏದುಸಿರಲ್ಲಿ. "ಆಗ್ಲಿಲ್ಲ ಅಂದ್ರೆ ತೆಗೀರಿ." ಆಮೇಲೆ ಮಗನ ಕಡೆ ತಿರುಗಿದ. "ನಿನ್ ಕೈಲಿ ತಡಿಯಾಕಾಗಲ್ಲ ಅಂತ ನಿನ್ ಹೆಸ್ರು ಹಾಕ್ಲಿಲ್ಲಪ್ಪ. ಪಾರೀನ ಒಬ್ಬಾಕಿನ್ನೇ ಬಿಡಬ್ಯಾಡ."

ಕೊಟ್ರೇಶ ಗೋಡೆಗೆ ಮುಖ ಮಾಡಿ ಅತ್ತ.

ಐದು ದಿನ ಕಳೆದರೂ ಎದೆ ತಿಳಿಯಾಗಲಿಲ್ಲ. ಕಾನೂನಿನಂತೆ ವೈದ್ಯರ ಎರಡು ತಂಡಗಳು ನೋಡಿ, ಇನ್ನು ಗುಣವಾಗದು, ಕೊಳವೆ ತೆಗೆಯಬಹುದು ಎಂದು ಒಪ್ಪಿದವು. ಪಾರ್ವತಿ ಸಹಿ ಹಾಕುವಾಗ ಕೊಟ್ರೇಶ ಅವಳ ಹೆಗಲು ಹಿಡಿದು ನಿಂತಿದ್ದ. ಕೊಳವೆ ತೆಗೆಯುವ ಮುಂಚೆ ನರ್ಸಿಗೆ ಹೇಳಿ ನನ್ನನ್ನು ಅಪ್ಪನ ಕಿವಿಗೆ ಹಾಕಿಸಿ, ಬಗ್ಗಿ ಹೇಳಿದ: "ಅಪ್ಪಾ, ಅಕ್ಕನ ಜೊತಿ ನಾನೂ ಅದೀನಿ. ನೀನು ಹೊರಡು."

ಈಗ ನಾನು ಪಾರ್ವತಿಯ ಬೀರುವಿನಲ್ಲಿ, ಬ್ಯಾಟರಿ ಇಲ್ಲದೆ ಬಿದ್ದಿದ್ದೇನೆ. ಆ ಮಾತನ್ನು ಕಿವಿಯ ತನಕ ನಾನು ಮುಟ್ಟಿಸಿದೆ. ಅದರಾಚೆಗೆ ಮುಟ್ಟಿತೇ ಎಂದು ಇನ್ನು ಯಾರನ್ನು ಕೇಳಲಿ?